ಅಜ್ಜನ ಎಂಜಿನ್‌ಗೆ ಬದಲಿ ಯಾವುದು?

ಪ್ರಶ್ನೆ: ಘಟಪ್ರಭೆ ದಂಡೆಯ ನಮ್ಮ ಕಬ್ಬಿನ ಹೊಲದಲ್ಲಿ ಅಜ್ಜನ ಕಾಲದ ಡೀಸೆಲ್ ಎಂಜಿನ್ ಇದೆ. ಹೆಸರಿನ ಫಲಕ ಉದುರಿದೆ. ಬದಲಿಗೆ ಯಾವುದು ಕೂಡಿಸಬೇಕು?
– ಓದುಗರು, ಮೂಡಲಗಿ

ಉತ್ತರ: ಫಲಕ ಹೋದರೇನು, ಸದ್ದೇ ಗುರುತು ಹೇಳುತ್ತದೆ. ದೊಡ್ಡ ಗಾಲಿ ತಿರುಗಿಸುತ್ತ ‘ಡುಗ್... ಡುಗ್’ ಎಂದು ನಿಧಾನಕ್ಕೆ ಓಡುವಂಥದ್ದಾದರೆ ಬಹುಶಃ ಲಿಸ್ಟರ್ ಮಾದರಿ. ಇಂಗ್ಲೆಂಡಿನ ವಿನ್ಯಾಸ, ರಾಜಕೋಟದಲ್ಲಿ ನಕಲಾಗಿ ಊರೂರು ಸೇರಿದ್ದು. 6 ಎಚ್‌ಪಿಯದು ನಿಮಿಷಕ್ಕೆ 650 ಸುತ್ತು. ಬದಲಿಗೆ ಕೂಡಿಸಬಹುದಾದ ಕಿರ್ಲೋಸ್ಕರ್ ಎವಿ-1 ಎಂಜಿನ್ ಆದರೋ 5 ಎಚ್‌ಪಿ, 1500 ಸುತ್ತು. ಬರೀ ಎಚ್‌ಪಿ ನೋಡಿ ಕೊಳ್ಳುವವರು ಎಡವುವುದು ಇಲ್ಲೇ. ಹಳೆ ಪುಲ್ಲಿಯನ್ನೇ ಹಾಕಿದರೆ ಪಂಪು ಎರಡು ಪಟ್ಟಿಗೂ ಮೀರಿ ಓಡಲು ಹೋಗಿ ಎಂಜಿನ್ ಉಸಿರುಗಟ್ಟುತ್ತದೆ. ಹಳೆಯದು 14 ಇಂಚಾದರೆ ಹೊಸದಕ್ಕೆ 6 ಇಂಚಿನ ಪುಲ್ಲಿ ಸಾಕು. ಪಂಪಿನ ಫಲಕದ ಎಚ್‌ಪಿ, ಸುತ್ತು ಎರಡನ್ನೂ ಬರೆದುಕೊಂಡೇ ಗೋಕಾಕಕ್ಕೋ ಹುಕ್ಕೇರಿಗೋ ಹೊರಡಿ.