ಮುರಿದುಳಿದ ಬೋಲ್ಟು

ಮೋಟಾರ್ ಸೈಕಲ್ಲನ್ನು ಓರೆಯಾಗಿ ನಿಲ್ಲಿಸಲು ಅದರ ಎಡಪಕ್ಕದಲ್ಲಿ ಒಂದು ಕಾಲಿರುವುದನ್ನು ಎಲ್ಲರೂ ಬಲ್ಲರು. ಸೈಡ್ ಸ್ಟ್ಯಾಂಡು ಎನಿಸಿದ ಈ ಕಾಲು ಸಾಮಾನ್ಯವಾಗಿ ಒಂದೇ ಬೋಲ್ಟಿನ ಸುತ್ತ ತಿರುಗುತ್ತದೆ. ಆ ಬೋಲ್ಟು ಮುರಿದರೆ ಭಾರವಾದ ವಾಹನವು ಉರುಳಿ, ಪಕ್ಕದಲ್ಲಿದ್ದವರ ಮೇಲೆ ಬೀಳಬಹುದು. ಮುರಿದಾಗ ಬೋಲ್ಟಿನ ತಲೆ ಕಳಚಿಬರುತ್ತದೆ. ಉಳಿದ ತುಂಡು ಚೌಕಟ್ಟಿನ ರಂಧ್ರದಲ್ಲಿಯೇ ನಿಲ್ಲುತ್ತದೆ. ಸ್ಪ್ಯಾನರಿನ ಹಿಡಿತಕ್ಕೆ ಸಿಕ್ಕದ ಈ ತುಂಡನ್ನು ಹೊರತೆಗೆಯುವುದು ಹೇಗೆ?

ಮೊದಲು ಅದು ಮುರಿದ ಕಾರಣವನ್ನು ನೋಡೋಣ. ಬೋಲ್ಟು ಸಡಿಲವಾಗಿದ್ದರೆ, ವಾಹನವನ್ನು ನಿಲ್ಲಿಸಿದಾಗಲೆಲ್ಲ ಅದು ಕೊಂಚ ಬಾಗಿ ಮತ್ತೆ ನೇರವಾಗುತ್ತದೆ. ಒಂದೇ ಸಲಕ್ಕೆ ಮುರಿಯಲು ಸಾಲದ ಬಲವೂ ಸಾವಿರಾರು ಸಲ ಮರುಕಳಿಸಿದರೆ ಸೂಕ್ಷ್ಮವಾದ ಬಿರುಕು ಹುಟ್ಟಿ ಬೆಳೆಯುತ್ತದೆ. ಲೋಹದ ಈ ಬಳಲಿಕೆಯನ್ನು ಜರ್ಮನಿಯ ಎಂಜಿನಿಯರ್ ಆಗಸ್ಟ್ ವೋಲರನು 1860ರ ದಶಕದಲ್ಲಿ ರೈಲುಗಾಡಿಯ ಅಚ್ಚುಗಳ ವಿಷಯದಲ್ಲಿ ಕ್ರಮಬದ್ಧವಾಗಿ ಪರೀಕ್ಷಿಸಿದನು.

ತಿರುಪು ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರು. 10 ಮಿಲಿಮೀಟರ್ ದಪ್ಪದ ಸಾಮಾನ್ಯ ಮೆಟ್ರಿಕ್ ಬೋಲ್ಟು ಒಂದು ಸುತ್ತಿಗೆ 1.5 ಮಿಲಿಮೀಟರ್ ಮಾತ್ರ ಮುಂದೆ ಸರಿಯುತ್ತದೆ. ಅದನ್ನು ಬಿಗಿಮಾಡುವಾಗ ನಾವು ಪ್ರಯೋಗಿಸುವ ತಿರುಚುಬಲದಲ್ಲಿ ಸುಮಾರು ಅರ್ಧ ತಲೆಯ ಕೆಳಗಿನ ಘರ್ಷಣೆಗೂ, ಸುಮಾರು ಶೇಕಡ 40 ಸುರುಳಿಗಳ ಘರ್ಷಣೆಗೂ ವ್ಯಯವಾಗುತ್ತದೆ. ಉಳಿದ ಹತ್ತರಲ್ಲೊಂದು ಪಾಲು ಮಾತ್ರ ಬೋಲ್ಟನ್ನು ಎಳೆದು ಬಿಗಿಯುತ್ತದೆ. ತಲೆ ಮುರಿದೊಡನೆ ಈ ಎಳೆತವು ಬಹುಮಟ್ಟಿಗೆ ಇಲ್ಲವಾಗುತ್ತದೆ. ಆದುದರಿಂದ ತುಕ್ಕು ಹಿಡಿಯದ ತುಂಡನ್ನು, ಅದರ ಅಂಚಿಗೆ ಚೂಪಾದ ಪಂಚನ್ನಿಟ್ಟು ಅಪ್ರದಕ್ಷಿಣವಾಗಿ ಮೆಲ್ಲನೆ ತಟ್ಟಿದರೆ, ಎಷ್ಟೋ ವೇಳೆ ಸುಲಭವಾಗಿ ತಿರುಗಿಸಬಹುದು.

ತುಕ್ಕು ಹಿಡಿದಿದ್ದರೆ ಕೆಲಸ ಕಠಿಣ. ತುಕ್ಕು ತಾನು ಹುಟ್ಟಿದ ಕಬ್ಬಿಣದ ಎರಡರಷ್ಟಕ್ಕಿಂತಲೂ ಹೆಚ್ಚು ಸ್ಥಳವನ್ನು ಆಕ್ರಮಿಸಿ, ಸುರುಳಿಗಳ ನಡುವೆ ಬೆಣೆಯಂತೆ ಸೇರಿಕೊಳ್ಳುತ್ತದೆ. ತೆಳುವಾದ ಎಣ್ಣೆಯನ್ನು ಹಾಕಿ ಒಂದು ರಾತ್ರಿ ಬಿಟ್ಟರೆ, ಲೋಮನಾಳ ಕ್ರಿಯೆಯಿಂದ ಅದು ಕಿರಿದಾದ ಸಂದುಗಳಿಗೂ ಇಳಿಯುತ್ತದೆ. ನಡುನಡುವೆ ಸುತ್ತಿಗೆಯಿಂದ ಹಗುರವಾಗಿ ತಟ್ಟಿದರೆ ತುಕ್ಕಿನ ಪದರ ಬಿರಿದು ಎಣ್ಣೆಗೆ ದಾರಿಯಾಗುತ್ತದೆ.

ಇದೂ ಫಲಿಸದಿದ್ದರೆ, ತುಂಡಿನ ನಟ್ಟನಡುವೆ ಪಂಚಿನಿಂದ ಗುರುತುಮಾಡಿ ಬೈರಿಗೆಯಿಂದ ರಂಧ್ರ ಕೊರೆಯಬೇಕು. ಎಡಕ್ಕೆ ತಿರುಗಿ ಕೊರೆಯುವ ಅಲಗು ದೊರೆತರೆ ಉತ್ತಮ. ಅದು ಕೊರೆಯುತ್ತಲೇ ತುಂಡನ್ನು ಬಿಚ್ಚುವ ದಿಕ್ಕಿನಲ್ಲಿ ತಿರುಚುತ್ತದೆ. ಉಕ್ಕಿನ ಚೂರು ಕಣ್ಣಿಗೆ ಸಿಡಿಯದಂತೆ ಕನ್ನಡಕವನ್ನು ಧರಿಸಲೇಬೇಕು. ಬಳಿಕ ಆ ರಂಧ್ರದಲ್ಲಿ ಎಕ್ಸ್‌ಟ್ರ್ಯಾಕ್ಟರ್ ಎಂಬ ಎಡಸುರುಳಿಯ ಉಪಕರಣವನ್ನು ಸಿಕ್ಕಿಸಿ ತಿರುಗಿಸುತ್ತಾರೆ.

ಇಲ್ಲಿ ಆತುರ ಕೂಡದು. ದಂಡವೊಂದು ತಡೆಯಬಲ್ಲ ತಿರುಚುಬಲವು ಅದರ ವ್ಯಾಸದ ಘನಕ್ಕೆ ಅನುಪಾತವಾಗಿರುತ್ತದೆ. ಒಂದೇ ಬಗೆಯ ಉಕ್ಕಿನಲ್ಲಿ, ಅರ್ಧ ವ್ಯಾಸದ ದಂಡಕ್ಕೆ ಎಂಟನೆಯ ಒಂದು ಪಾಲು ಶಕ್ತಿ ಮಾತ್ರ ಇರುತ್ತದೆ. ಎಕ್ಸ್‌ಟ್ರ್ಯಾಕ್ಟರು ಗಡಸುಗೊಳಿಸಿದ ಉಕ್ಕಿನದಾದರೂ ಬಾಗದೆ ಥಟ್ಟನೆ ಮುರಿಯುವ ಸ್ವಭಾವದ್ದು. ಅದು ಒಳಗೆ ಮುರಿದರೆ ಸಾಮಾನ್ಯ ಅಲಗು ಅದನ್ನು ಕೊರೆಯಲಾರದು. ಮೊದಲಿನದಕ್ಕಿಂತ ದೊಡ್ಡ ತೊಡಕು ಉಳಿಯುತ್ತದೆ.

ಹಟ ಹಿಡಿದ ತುಂಡಿಗೆ ಉಷ್ಣವೇ ಮದ್ದು. ಉಕ್ಕು ಪ್ರತಿ ಸೆಲ್ಸಿಯಸ್ ಡಿಗ್ರಿಗೆ ತನ್ನ ಅಳತೆಯ ಸುಮಾರು 0.000012 ಭಾಗದಷ್ಟು ಹಿಗ್ಗುತ್ತದೆ. ರಂಧ್ರವೂ ಸುತ್ತಲಿನ ಲೋಹದೊಂದಿಗೆ ಹಿಗ್ಗುವುದೆಂಬುದನ್ನು ವಿದ್ಯಾರ್ಥಿಗಳು ನೆನೆಯಬೇಕು. ಸುತ್ತಲಿನ ಲೋಹ 300 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ 10 ಮಿಲಿಮೀಟರಿನ ರಂಧ್ರ ಸುಮಾರು 0.036 ಮಿಲಿಮೀಟರ್ ಅಗಲವಾಗುತ್ತದೆ. ತುಕ್ಕಿನ ಬೆಸುಗೆಯನ್ನು ಬಿಡಿಸಲು ಇಷ್ಟು ಅನೇಕ ವೇಳೆ ಸಾಕು. ಅನುಭವಿಯಾದ ವೆಲ್ಡರನು ತುಂಡಿನ ಮೇಲೆ ಒಂದು ನಟ್ಟನ್ನು ಬೆಸೆದು ಹೊಸ ತಲೆಯನ್ನೇ ಒದಗಿಸುತ್ತಾನೆ. ಕಾದ ತುಂಡು ಆರಿ ಕುಗ್ಗುವಾಗ ಹಿಡಿತವೂ ಸಡಿಲುತ್ತದೆ. ಆದರೆ ಪೆಟ್ರೋಲಿನ ಆವಿ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲುದು. ಟ್ಯಾಂಕನ್ನು ಕಳಚಿ ದೂರವಿರಿಸಿ, ಬ್ಯಾಟರಿಯ ತಂತಿಗಳನ್ನು ಬಿಚ್ಚಿದ ಮೇಲೆಯೇ ಬೆಂಕಿಯ ಕೆಲಸ ನಡೆಯಬೇಕು. ಅದನ್ನು ಮನೆಯಲ್ಲಿ ಮಾಡಬಾರದು.

ತುಂಡು ಹೊರಬಂದ ಮೇಲೆ ಸುರುಳಿಗಳನ್ನು ಶುಚಿಗೊಳಿಸಿ, ತಯಾರಕರು ಹೇಳಿದ ಅಳತೆಯ ಹೊಸ ಬೋಲ್ಟನ್ನೇ ಹಾಕಬೇಕು. ಅದರ ಬಿಗಿಯನ್ನು ಆಗಾಗ್ಗೆ ಪರೀಕ್ಷಿಸುತ್ತಿದ್ದರೆ ಬಳಲಿಕೆಯ ಬಿರುಕಿಗೆ ಅವಕಾಶ ಕಡಿಮೆಯಾಗುತ್ತದೆ.