ಟರ್ಬೊ ಇಂಜಿನಿಗೆ ಎಂಥ ಪಿಸ್ಟನ್?

ಕಲಾ ಕಾಲೇಜಿನ ಸಂಚಿಕೆಯಲ್ಲಿ ಪಿಸ್ಟನ್ನಿನ ಮಾತೇಕೆಂದು ಮಿತ್ರರು ಕೇಳಬಹುದು. ವಾಡಿ, ಶಹಾಬಾದ, ಚಿತ್ತಾಪುರ, ಸೇಡಂಗಳ ರಸ್ತೆಗಳಲ್ಲಿ ಸಿಮೆಂಟು, ಕಲ್ಲು ಹೊತ್ತು ಓಡುವ ಲಾರಿಗಳಲ್ಲಿ ಬಹುಪಾಲು ಇಂದು ಟರ್ಬೊ ಉಳ್ಳವು. ಕಾರುಗಳಿಗೂ ಅದು ಬಂದಿದೆ. ತನ್ನ ಹಳೆಯ ಪೆಟ್ರೋಲ್ ಕಾರಿಗೂ ಒಂದನ್ನು ಹಾಕಿಸಬೇಕೆಂಬ ಹಂಬಲ ತರುಣರಲ್ಲಿ ಉಂಟು. ಅಂಥವರು ಮೊದಲು ವಿಚಾರಿಸಬೇಕಾದುದು ಟರ್ಬೊವಿನ ಬೆಲೆಯನ್ನಲ್ಲ, ಒಳಗಿರುವ ಪಿಸ್ಟನ್ನನ್ನು.

ಇಂಜಿನಿನಿಂದ ವ್ಯರ್ಥವಾಗಿ ಹೊರಬೀಳುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗುತ್ತದೆ. ಅದೇ ಅಚ್ಚಿನ ಮತ್ತೊಂದು ಚಕ್ರ ಹೊರಗಿನ ಗಾಳಿಯನ್ನು ಅದುಮಿ ಸಿಲಿಂಡರಿಗೆ ನೂಕುತ್ತದೆ. ಇದೇ ಟರ್ಬೊ. ಸ್ವಿಸ್ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಇದಕ್ಕೆ ಪೇಟೆಂಟು ಪಡೆದನು.

ಇನ್ನು ಮೆಕ್ಯಾನಿಕರು 'ಕಂಪ್ರೆಷನ್' ಎನ್ನುವ ಸಂಪೀಡನ ಪ್ರಮಾಣದ ಲೆಕ್ಕ. 1200 ಸಿ.ಸಿ.ಯ ನಾಲ್ಕು ಸಿಲಿಂಡರಿನ ಇಂಜಿನಿನಲ್ಲಿ ಒಂದೊಂದರ ಪಾಲು 300 ಸಿ.ಸಿ. ಪಿಸ್ಟನ್ ತುದಿಗೇರಿದಾಗ ಅದರ ಮೇಲೆ 30 ಸಿ.ಸಿ. ಜಾಗ ಉಳಿದರೆ, 330 ಸಿ.ಸಿ. ಗಾಳಿ 30ಕ್ಕೆ ಕುಗ್ಗಿತು, ಪ್ರಮಾಣ 11. ಇದನ್ನು 9ಕ್ಕೆ ಇಳಿಸಬೇಕಾದರೆ ಮೇಲಿನ ಜಾಗ 37.5 ಸಿ.ಸಿ. ಆಗಬೇಕು. ಹೆಚ್ಚಿನ ಆ ಏಳೂವರೆ ಸಿ.ಸಿ.ಯನ್ನು ಪಿಸ್ಟನ್ನಿನ ನೆತ್ತಿಯಲ್ಲಿ ತಟ್ಟೆಯಂತೆ ತಗ್ಗು ಮಾಡಿ ಪಡೆಯುತ್ತಾರೆ. ದಪ್ಪ ಗ್ಯಾಸ್ಕೆಟ್ ಹಾಕಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಅದು ಅಗ್ಗದ ದಾರಿಯೇ ಹೊರತು ಒಳ್ಳೆಯ ದಾರಿಯಲ್ಲ. ಅಂಚಿನ ಕಿರಿದಾದ ಸಂದಿನಲ್ಲಿ ಗಾಳಿ ಚಿಮ್ಮಿ ಇಂಧನದೊಡನೆ ಬೆರೆಯುವ ಅನುಕೂಲವೇ ಅದರಿಂದ ಕೆಡುತ್ತದೆ.

ಇಳಿಸುವುದಾದರೂ ಏಕೆ? ಗಾಳಿಯನ್ನು ಅದುಮಿದರೆ ಅದು ಕಾಯುತ್ತದೆ. ಸೈಕಲ್ ಪಂಪು ಹಿಡಿದವರಿಗೆಲ್ಲ ಇದು ಗೊತ್ತು. ನಮ್ಮ ಭಾಗದ ಬೇಸಗೆಯ 42 ಡಿಗ್ರಿ ಗಾಳಿಯನ್ನು ಸಾಧಾರಣ ಟರ್ಬೊ ಒಂದು 1.6 ಪಟ್ಟು ಅದುಮಿದರೆ, ಅದು ಹೊರಬರುವಾಗಲೇ ಸುಮಾರು 107 ಡಿಗ್ರಿ ಆಗಿರುತ್ತದೆ. ಇಂಟರ್‌ಕೂಲರ್ ಅದನ್ನು ತಣಿಸಬಲ್ಲದು. ಆದರೆ ಬೀಸುವ ಬಿಸಿಗಾಳಿಗಿಂತ ಕೆಳಕ್ಕೆ ಇಳಿಸಲಾರದು. ಆ ಗಾಳಿಯನ್ನು ಪಿಸ್ಟನ್ ಮತ್ತೆ ಹನ್ನೊಂದು ಪಟ್ಟು ಅದುಮಿದರೆ, ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಮೂಲೆಯ ಪೆಟ್ರೋಲ್ ತಾನಾಗಿ ಸಿಡಿಯುತ್ತದೆ. ಇದೇ ನಾಕಿಂಗ್. ಪಿಸ್ಟನ್ನಿನ ರಿಂಗುಗಳ ನಡುವಣ ಏಣು ಮುರಿಯುವುದೂ ನೆತ್ತಿ ತೂತಾಗುವುದೂ ಇದರಿಂದಲೇ. ಬೆಂಗಳೂರಿನ ತಂಪಿನಲ್ಲಿ ತಾಳಿಕೊಂಡ ಇಂಜಿನು ಮೇ ತಿಂಗಳ ಸೇಡಂನಲ್ಲಿ ತಾಳೀತೆಂದು ನಂಬುವಂತಿಲ್ಲ.

11ರಿಂದ 9ಕ್ಕೆ ಇಳಿದರೆ ಸೈದ್ಧಾಂತಿಕ ದಕ್ಷತೆಯಲ್ಲಿ ನೂರಕ್ಕೆ ಸುಮಾರು ಐದು ಪಾಲು ನಷ್ಟ. ಟರ್ಬೊ ತುಂಬುವ ಗಾಳಿಯಾದರೋ ಹೆಚ್ಚುಕಡಿಮೆ ಒಂದೂವರೆ ಪಟ್ಟು. ವ್ಯಾಪಾರ ಲಾಭದ್ದೇ. ಆದರೆ ಅತಿಯಾಗಿ ಇಳಿಸಿದರೆ, ಟರ್ಬೊ ಇನ್ನೂ ವೇಗ ಹಿಡಿಯದಿರುವಾಗ ಇಂಜಿನು ಸೊರಗುತ್ತದೆ. ಚಿಂಚೋಳಿಯಿಂದ ಕುಂಚಾವರದ ಕಡೆಗಿನ ಏರಿನಲ್ಲಿ ಅದು ಚೆನ್ನಾಗಿ ಗೊತ್ತಾದೀತು. 2017ರಲ್ಲಿ ಬಂದ ಮಾರುತಿ ಬಲೆನೊ ಆರ್‌ಎಸ್ ಎಂಬ ಟರ್ಬೊ ಕಾರಿನ ಪ್ರಮಾಣ 10. ಟರ್ಬೊ ಇಲ್ಲದ 1.2 ಲೀಟರಿನ ಬಲೆನೊದ್ದು 11. ಆರ್‌ಎಸ್‌ನಲ್ಲಿ ಪೆಟ್ರೋಲನ್ನು ಸಿಲಿಂಡರಿನೊಳಕ್ಕೇ ಸಿಂಪಡಿಸುವುದರಿಂದ ಒಳಗಿನ ಗಾಳಿ ತಣಿಯುತ್ತದೆ. ಆದ್ದರಿಂದಲೇ ಒಂದಷ್ಟೇ ಇಳಿಸಿದರೆ ಸಾಕಾಯಿತು.

ಡೀಸೆಲಿನ ಕಥೆ ಬೇರೆ. ಅಲ್ಲಿ ಕಿಡಿಯಿಲ್ಲ, ಅದುಮಿದ ಗಾಳಿಯ ಬಿಸಿಯೇ ಬೆಂಕಿ ಹಚ್ಚಬೇಕು. ಹೀಗಾಗಿ ಕಾರಿನ ಡೀಸೆಲ್ ಇಂಜಿನುಗಳಲ್ಲಿ ಈ ಪ್ರಮಾಣ ಟರ್ಬೊ ಇದ್ದೂ 16, 17ರ ಆಸುಪಾಸಿನಲ್ಲಿರುತ್ತದೆ. ಆದರೆ ಒಂದು ಕಾಲಕ್ಕೆ ವಾಡಿ ಜಂಕ್ಷನ್ನಿನಲ್ಲಿ ಗುಡುಗುತ್ತಿದ್ದ ಡಬ್ಲ್ಯು.ಡಿ.ಎಂ.-2 ರೈಲು ಇಂಜಿನಿನಲ್ಲಿ, 16 ಸಿಲಿಂಡರು, 2600 ಅಶ್ವಶಕ್ತಿ ಇದ್ದಾಗ್ಯೂ, ಅದು 12.5 ಮಾತ್ರ. ಒಂಬತ್ತು ಅಂಗುಲ ಅಗಲದ ಪಿಸ್ಟನ್ನಿನ ಮೇಲೆ ಟರ್ಬೊವಿನ ಒತ್ತಡವೂ ಕೂಡಿದಾಗ ಕ್ರ್ಯಾಂಕು, ಹೆಡ್ಡು ಅದನ್ನು ತಾಳಬೇಕಲ್ಲ!

ಪಿಸ್ಟನ್ನಿನಲ್ಲಿ ಎರಕದ್ದು, ಬಡಿದು ಮಾಡಿದ್ದು ಎಂದು ಎರಡು ಬಗೆ. ಎರಕದ್ದು ಅಗ್ಗ; ಕಾದಾಗ ಹಿಗ್ಗುವುದು ಕಡಿಮೆ; ಆದರೆ ನಾಕಿಂಗಿನ ಪೆಟ್ಟಿಗೆ ಬಿರಿಯುತ್ತದೆ. ಬಡಿದದ್ದು ಪೆಟ್ಟು ತಾಳುತ್ತದೆ. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವ ಕಡಿಮೆ ಸಿಲಿಕಾನಿನ ಅಲ್ಯೂಮಿನಿಯಂ ಹೆಚ್ಚು ಹಿಗ್ಗುವುದರಿಂದ ಸಿಲಿಂಡರಿನಲ್ಲಿ ಹೆಚ್ಚು ಸಡಿಲ ಬಿಡಬೇಕಾಗುತ್ತದೆ. ಮುಂಜಾನೆ ಇಂಜಿನು ತಣ್ಣಗಿದ್ದಾಗ ಕಟಕಟ ಎನ್ನುವುದು ಅದಕ್ಕೇ. ರಿಂಗಿನ ಎರಡು ತುದಿಗಳ ನಡುವಣ ಸಂದನ್ನೂ ಟರ್ಬೊ ಇಂಜಿನಿನಲ್ಲಿ ಹೆಚ್ಚು ಬಿಡಬೇಕು. ಬಿಡದಿದ್ದರೆ ಕಾದ ರಿಂಗಿನ ತುದಿಗಳು ಒಂದಕ್ಕೊಂದು ಒತ್ತಿ, ಎಷ್ಟೇ ಬೆಲೆಯ ಪಿಸ್ಟನ್ನಾದರೂ ಅದರ ಏಣು ಕಿತ್ತುಬರುತ್ತದೆ.