ಪೂರ್ವದಿಕ್ಕಿನ ಕುರ್ಚಿ

ರಡ್ಯಾರ್ಡ್ ಕಿಪ್ಲಿಂಗ್ 1888ರಲ್ಲಿ ಪ್ರಕಟಿಸಿದ ‘ದಿ ಮ್ಯಾನ್ ಹೂ ವುಡ್ ಬಿ ಕಿಂಗ್’ ಕಥೆಯಲ್ಲಿ ಇಬ್ಬರು ಪುಂಡರು ಅಫ್ಘಾನಿಸ್ತಾನ ದಾಟಿ ಕಾಫಿರಿಸ್ತಾನಕ್ಕೆ ಹೋಗಿ ಅಲ್ಲಿ ರಾಜರಾಗಿ ಕೂರುತ್ತಾರೆ. ಬೆಟ್ಟದ ಆ ಜನಕ್ಕೆ ಫ್ರೀಮೇಸನ್ನರೆಂಬ ಸೋದರಕೂಟದ ಗುಟ್ಟಿನ ಸಂಜ್ಞೆಗಳು ಒಂದಷ್ಟು ಗೊತ್ತಿರುವುದನ್ನು ಕಂಡು ಡ್ರೇವಟ್ ಎಂಬವನು ಅಲ್ಲೇ ಒಂದು ಲಾಡ್ಜ್, ಅಂದರೆ ಆ ಕೂಟದ ಶಾಖೆ, ತೆರೆದು ತಾನೇ ಅದರ ಮುಖ್ಯಸ್ಥನಾಗಲು ಹೊರಡುತ್ತಾನೆ. ಜೊತೆಗಾರ ಕಾರ್ನೆಹನ್ ಬೆಚ್ಚಿಬೀಳುತ್ತಾನೆ. ಕಂಡವರ ನಾಡನ್ನು ನುಂಗುವಾಗ ಅಳುಕದ ಈ ಆಸಾಮಿಗೆ ಈಗ ಕಾಯಿದೆ ನೆನಪಾಗುತ್ತದೆ. ಯಾರಿಂದಲೂ ಸನ್ನದು ಪಡೆಯದೆ, ಯಾವ ಲಾಡ್ಜಿನಲ್ಲೂ ಒಂದು ಸಣ್ಣ ಹುದ್ದೆಯನ್ನಾದರೂ ನಿಭಾಯಿಸದೆ ಆ ಕುರ್ಚಿಯಲ್ಲಿ ಕೂರುವುದುಂಟೇ ಎಂಬುದು ಅವನ ತಕರಾರು.

ಕಿಪ್ಲಿಂಗ್‌ಗೆ ಈ ತಮಾಷೆ ಹೊರಗಿನಿಂದ ಸಿಕ್ಕಿದ್ದಲ್ಲ. ಇಪ್ಪತ್ತರ ಹರೆಯದಲ್ಲೇ, 1886ರಲ್ಲಿ, ಲಾಹೋರಿನ ‘ಹೋಪ್ ಅಂಡ್ ಪರ್ಸೆವೆರೆನ್ಸ್’ ಲಾಡ್ಜಿಗೆ ಸೇರಿ ಅಲ್ಲಿ ಕಾರ್ಯದರ್ಶಿಯ ಕೆಲಸ ಮಾಡಿದ್ದವನು ಆತ. ಊರಿನವರು ಲಾಡ್ಜಿನ ಕಟ್ಟಡವನ್ನು ‘ಜಾದೂ ಘರ್’ ಎನ್ನುತ್ತಿದ್ದುದನ್ನು ‘ಕಿಮ್’ ಕಾದಂಬರಿಯಲ್ಲಿ ಅವನೇ ಬರೆದಿದ್ದಾನೆ. ಫ್ರೀಮೇಸನ್ನರ ಬಗ್ಗೆ ಬಂದ ಪುಸ್ತಕ, ಸಿನಿಮಾಗಳೆಲ್ಲ ಆ ಜಾದೂವಿನ ಸುತ್ತಲೇ ಸುತ್ತುತ್ತವೆ. ನನಗೆ ಅದಕ್ಕಿಂತ ಕುತೂಹಲದ ಸಂಗತಿ ಕಾರ್ನೆಹನ್ ಎತ್ತಿದ ತಕರಾರು. ಆ ಕುರ್ಚಿಯಲ್ಲಿ ಯಾರು ಕೂರಬಹುದು, ಕೂತವರು ಏನು ಮಾಡಬೇಕು, ಯಾವಾಗ ಏಳಬೇಕು?

ಕುರ್ಚಿಯಲ್ಲಿ ಕೂರುವವರಿಗೆ ‘ವರ್ಶಿಪ್‌ಫುಲ್ ಮಾಸ್ಟರ್’ ಎಂದು ಹೆಸರು. ಇದರಲ್ಲಿ ಪೂಜೆ ಪುನಸ್ಕಾರದ ಸುಳಿವೇನೂ ಇಲ್ಲ; ಇಂಗ್ಲೆಂಡಿನಲ್ಲಿ ಮೇಯರುಗಳಿಗೂ ಹಿಂದಿನಿಂದ ಸಲ್ಲುತ್ತಿದ್ದ ಗೌರವ ಸಂಬೋಧನೆ, ಅಷ್ಟೆ. 1717ರ ಜೂನ್ 24ರಂದು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಬಳಿಯ ‘ಗೂಸ್ ಅಂಡ್ ಗ್ರಿಡಿರಾನ್’ ಎಂಬ ಹೆಂಡದಂಗಡಿಯಲ್ಲಿ ಒಂದಷ್ಟು ಲಾಡ್ಜ್‌ಗಳು ಸೇರಿ ಮೊದಲ ಗ್ರ್ಯಾಂಡ್ ಲಾಡ್ಜ್ ಕಟ್ಟಿದವು ಎಂಬುದು ಅವರ ಸಂಪ್ರದಾಯದ ನಂಬಿಕೆ. ಈ ಇಸವಿಯನ್ನೇ ಪ್ರಶ್ನಿಸುವ ಇತಿಹಾಸಕಾರರೂ ಈಚೆಗೆ ಬಂದಿದ್ದಾರೆ. 1723ರಲ್ಲಿ ಪಾದ್ರಿ ಜೇಮ್ಸ್ ಆ್ಯಂಡರ್ಸನ್ ಬರೆದ ಸಂವಿಧಾನದ ಬಗ್ಗೆ ಮಾತ್ರ ಯಾರಿಗೂ ಅನುಮಾನವಿಲ್ಲ. ಪುಸ್ತಕ ಕಣ್ಣೆದುರಿಗೇ ಇದೆ. ಮಾಸ್ಟರನ್ನು ಆರಿಸುವಾಗ ಹಿರಿತನ ನೋಡಬೇಡಿ, ಯೋಗ್ಯತೆ ನೋಡಿ ಎಂದು ಅದರಲ್ಲಿ ಅಚ್ಚಾಗಿದೆ. ಕಲ್ಲುಕುಟಿಗರ ಕಸುಬಿನ ಉಳಿ, ಮಟ್ಟಗೋಲು, ತೂಕದ ಗುಂಡುಗಳನ್ನು ನಡತೆಯ ಸಂಕೇತಗಳಾಗಿ ಮಾಡಿಕೊಂಡ ಈ ಕೂಟದಲ್ಲಿ ಮಾಸ್ಟರ್ ಕೊರಳಿಗೆ ಮೂಲೆಮಟ್ಟದ ಪದಕ ಧರಿಸುತ್ತಾರೆ. ಕೈಯಲ್ಲಿ ಮರದ ಸುತ್ತಿಗೆ.

ಮಾಸ್ಟರ್ ಕೂರುವುದು ಯಾವಾಗಲೂ ಪೂರ್ವದಲ್ಲಿ. ಸೂರ್ಯ ಪೂರ್ವದಲ್ಲಿ ಹುಟ್ಟಿ ದಿನವನ್ನು ತೆರೆಯುವಂತೆ ಇವರು ಲಾಡ್ಜನ್ನು ತೆರೆದು ಕೆಲಸ ಹಚ್ಚಬೇಕು ಎಂಬ ಭಾವ. ಪಶ್ಚಿಮದಲ್ಲಿ ಸೀನಿಯರ್ ವಾರ್ಡನ್, ದಕ್ಷಿಣದಲ್ಲಿ ಜೂನಿಯರ್ ವಾರ್ಡನ್. ಉತ್ತರದಲ್ಲಿ ಇಂಥ ಪೀಠವಿಲ್ಲ. ಅದು ಬಿಸಿಲು ಬೀಳದ ದಿಕ್ಕು. ಕೋಣೆ ನಿಜವಾಗಿ ಯಾವ ದಿಕ್ಕಿಗಿದ್ದರೂ ಮಾಸ್ಟರ್ ಕೂತ ಕಡೆಯೇ ಪೂರ್ವ. ವಾಸ್ತುವಿನವರು ಇದನ್ನು ಕೇಳಿದರೆ ಏನೆನ್ನುತ್ತಾರೋ!

ಸಭೆ ತೆರೆಯುವ ಕ್ರಮದಲ್ಲೇ ಮಾಸ್ಟರ ಕೆಲಸದ ಸ್ವಭಾವ ಗೊತ್ತಾಗುತ್ತದೆ. ಅವರು ಸುತ್ತಿಗೆ ಬಡಿದರೆ ಇಬ್ಬರು ವಾರ್ಡನ್‌ಗಳೂ ಒಬ್ಬರಾದ ಮೇಲೊಬ್ಬರು ಬಡಿದು ಓಗೊಡಬೇಕು. ಬಾಗಿಲು ಭದ್ರವಾಗಿದೆಯೇ ಎಂಬುದು ಮೊದಲ ವಿಚಾರಣೆ. ಹೊರಗೆ ಕತ್ತಿ ಹಿಡಿದು ನಿಂತ ‘ಟೈಲರ್’ ಒಳಗಿನ ಬಡಿತಕ್ಕೆ ಮರುಬಡಿತ ಕೊಟ್ಟ ಮೇಲೆ ಮಾತು ಮುಂದುವರಿಯುತ್ತದೆ. ಆಮೇಲೆ ಅಧಿಕಾರಿಗಳ ಸರದಿ: ಯಾರ ಜಾಗ ಎಲ್ಲಿ, ಯಾರ ಕರ್ತವ್ಯ ಏನು ಎಂದು ಕೇಳಿ ಹೇಳಿಸುತ್ತಾರೆ. ಇಪ್ಪತ್ತು ವರ್ಷ ಅದೇ ಲಾಡ್ಜಿನಲ್ಲಿ ಸವೆದವರೂ ಸಭೆ ತೆರೆಯುವಾಗಲೆಲ್ಲ ಇದನ್ನು ಕೇಳಿಸಿಕೊಳ್ಳಲೇಬೇಕು. ಕೊನೆಗೆ ಧರ್ಮಗ್ರಂಥ ತೆರೆದು ಅದರ ಮೇಲೆ ಮೂಲೆಮಟ್ಟ, ಕೈವಾರಗಳನ್ನಿಟ್ಟರೆ ಲಾಡ್ಜ್ ತೆರೆದಂತೆ.

ಭಾರತದಲ್ಲಿ ಈ ಗ್ರಂಥದ ವಿಷಯಕ್ಕೆ ಸ್ವಲ್ಪ ಹೆಚ್ಚಿನ ಕಥೆಯಿದೆ. 1730ರ ಹೊತ್ತಿಗೇ ಕಲ್ಕತ್ತದ ಫೋರ್ಟ್ ವಿಲಿಯಂನಲ್ಲಿ ಲಾಡ್ಜ್ ಶುರುವಾದರೂ ಭಾರತೀಯರಿಗೆ ಪ್ರವೇಶ ಸುಲಭವಾಗಿರಲಿಲ್ಲ. ಮುಂಬಯಿಯಲ್ಲಿ ಮಾಣೆಕ್‌ಜಿ ಕರ್ಸೆಟ್‌ಜಿ ಎಂಬ ಪಾರ್ಸಿ ಗೃಹಸ್ಥರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅವರು ಪ್ಯಾರಿಸ್ಸಿಗೆ ಹೋಗಿ ಮೇಸನ್ ಆದರು. ಬಳಿಕ 1843ರಲ್ಲಿ ಡಾ. ಜೇಮ್ಸ್ ಬರ್ನ್ಸ್ ಮುಂದೆ ನಿಂತು ಭಾರತೀಯರಿಗೆಂದೇ ‘ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ’ ಲಾಡ್ಜ್ ಕಟ್ಟಿದರು. ಹಿಂದೂಗಳಿಗೆ ಹಲವು ದೇವರು, ಅವರ ಪ್ರಮಾಣವಚನಕ್ಕೆ ಏನು ಬೆಲೆ ಎಂಬ ವಾದ ಬಂಗಾಳದಲ್ಲಿ ವರ್ಷಗಟ್ಟಲೆ ನಡೆದು, 1872ರಲ್ಲಿ ಪ್ರಸನ್ನ ಕುಮಾರ ದತ್ತರು ಕಲ್ಕತ್ತದ ‘ಆ್ಯಂಕರ್ ಅಂಡ್ ಹೋಪ್’ ಲಾಡ್ಜ್ ಸೇರುವುದರೊಂದಿಗೆ ಬಾಗಿಲು ತೆರೆಯಿತು. ಮುಂದೆ 1884ರಲ್ಲಿ ನರೇಂದ್ರನಾಥ ದತ್ತ, ಅಂದರೆ ನಂತರದ ಸ್ವಾಮಿ ವಿವೇಕಾನಂದರು, ಸೇರಿದ್ದೂ ಇದೇ ಲಾಡ್ಜನ್ನು. ಪ್ರಮಾಣ ಮಾಡುವವರು ತಮ್ಮ ಧರ್ಮದ ಗ್ರಂಥದ ಮೇಲೆಯೇ ಕೈಯಿಡಬೇಕೆಂಬ ನಿಯಮದಿಂದಾಗಿ ಭಾರತೀಯ ಲಾಡ್ಜಿನ ಪೀಠದ ಮೇಲೆ ಗೀತೆ, ಬೈಬಲ್, ಕುರಾನ್, ಗ್ರಂಥಸಾಹಿಬ್, ಅವೆಸ್ತಾಗಳು ಒಟ್ಟಿಗೆ ಕಾಣಸಿಗುತ್ತವೆ. ಪ್ರಮಾಣ ಬೋಧಿಸುವುದು ಮಾಸ್ಟರ ಕೆಲಸವಾದ್ದರಿಂದ ಯಾರಿಗೆ ಯಾವ ಗ್ರಂಥ ಎಂಬುದು ಅವರಿಗೆ ಮುಂಚೆಯೇ ತಿಳಿದಿರಬೇಕು.

ಕಷ್ಟದ ಭಾಗ ಬಾಯಿಪಾಠದ್ದು. ಪ್ರವೇಶಿಗ, ಸಹಕಸುಬಿ, ಮಾಸ್ಟರ್ ಮೇಸನ್ ಎಂಬ ಮೂರು ಹಂತಗಳ ದೀಕ್ಷಾವಿಧಿಯನ್ನೂ ಪುಸ್ತಕ ನೋಡದೆ ಒಪ್ಪಿಸುವುದು ಇಂಗ್ಲಿಷ್ ಪದ್ಧತಿಯ ಲಾಡ್ಜ್‌ಗಳ ವಾಡಿಕೆ. ತಾಳಮದ್ದಳೆಯ ಅರ್ಥಧಾರಿಗಳಂತೆ ಸ್ಥಳದಲ್ಲೇ ಮಾತು ಹೊಸೆಯುವ ಸ್ವಾತಂತ್ರ್ಯ ಇಲ್ಲಿಲ್ಲ. ಒಂದು ಪದ ಅತ್ತಿತ್ತ ಆದರೆ ಹಳಬರ ಹುಬ್ಬು ಮೇಲೇರುತ್ತದೆ. ಇದನ್ನು ಕಲಿಸಲೆಂದೇ ಲಂಡನ್ನಿನಲ್ಲಿ 1823ರಿಂದ ‘ಎಮ್ಯುಲೇಷನ್ ಲಾಡ್ಜ್ ಆಫ್ ಇಂಪ್ರೂವ್‌ಮೆಂಟ್’ ನಡೆಯುತ್ತಿದೆ. ಅಲ್ಲಿ ಒಂದೂ ತಿದ್ದುಪಡಿ ಬೀಳದಂತೆ ಮಾಸ್ಟರ ಪಾತ್ರ ನಿರ್ವಹಿಸಿದವರಿಗೆ ಬೆಳ್ಳಿಯ ಬೆಂಕಿಪೊಟ್ಟಣ ಬಹುಮಾನ. ತೊದಲಿದರೆ ಕೈಹಿಡಿಯಲು ಮಾಸ್ಟರ ಎಡಕ್ಕೆ ಒಬ್ಬರು ಕೂತಿರುತ್ತಾರೆ: ಹಿಂದಿನ ವರ್ಷದ ಮಾಸ್ಟರ್. ನಿನ್ನೆಯವರೆಗೆ ಸುತ್ತಿಗೆ ಹಿಡಿದಿದ್ದವರು ಇಂದು ಪಿಸುದನಿಯಲ್ಲಿ ಮರೆತ ಮಾತು ಎತ್ತಿಕೊಡುವವರು. ನಮ್ಮ ಸಂಘ ಸಂಸ್ಥೆಗಳಲ್ಲಿ ಮಾಜಿ ಅಧ್ಯಕ್ಷರನ್ನು ಹಾಲಿ ಅಧ್ಯಕ್ಷರ ಪಕ್ಕದಲ್ಲಿ ಕೂರಿಸಿ ನೋಡಿ, ಆಗ ಈ ಏರ್ಪಾಟಿನ ಧೈರ್ಯ ಅರ್ಥವಾದೀತು.

ಮಾಸ್ಟರ್ ಕೈಲಿರುವ ಅಧಿಕಾರ ಕಾಗದದ ಮೇಲೆ ದೊಡ್ಡದೇ. ಖಜಾಂಚಿ, ಟೈಲರ್ ಮುಂತಾದ ಕೆಲವರನ್ನು ಬಿಟ್ಟು ಉಳಿದ ಅಧಿಕಾರಿಗಳನ್ನೆಲ್ಲ ನೇಮಿಸುವುದು ಅವರೇ. ಮತ ಸಮನಾದರೆ ಅವರದು ಇನ್ನೊಂದು ಮತ. ಅಮೆರಿಕದ ಲಾಡ್ಜ್‌ಗಳಲ್ಲಿ ಮಾಸ್ಟರ ತೀರ್ಪಿನ ಮೇಲೆ ಸದಸ್ಯರ ಮುಂದೆ ಮೇಲ್ಮನವಿಯೇ ಇಲ್ಲ, ಗ್ರ್ಯಾಂಡ್ ಲಾಡ್ಜಿನ ತನಕ ಹೋಗಬೇಕು. ಎಲ್ಲರೂ ಬರಿದಲೆಯಲ್ಲಿರುವಾಗ ಅವರೊಬ್ಬರೇ ಹ್ಯಾಟು ಧರಿಸುವುದೂ ಅಲ್ಲಿನ ರೂಢಿ. ಜಾರ್ಜ್ ವಾಷಿಂಗ್ಟನ್ 1789ರಲ್ಲಿ ದೇಶದ ಅಧ್ಯಕ್ಷರಾದಾಗ ವರ್ಜೀನಿಯಾದ ಅಲೆಕ್ಸಾಂಡ್ರಿಯಾ ಲಾಡ್ಜಿನ ಮಾಸ್ಟರೂ ಆಗಿದ್ದರು. ಆದರೆ ಹೊಸಬರನ್ನು ಸೇರಿಸಿಕೊಳ್ಳುವ ವಿಷಯ ಬಂದರೆ ಮಾಸ್ಟರ ಕೈ ಕಟ್ಟಿದಂತೆ. ಇಂಗ್ಲಿಷ್ ಪದ್ಧತಿಯಲ್ಲಿ ಗುಟ್ಟಿನ ಮತದ ಪೆಟ್ಟಿಗೆಗೆ ಮೂರು ಕರಿಗುಂಡು ಬಿದ್ದರೆ, ಕೆಲವು ಲಾಡ್ಜ್‌ಗಳ ಉಪನಿಯಮದ ಪ್ರಕಾರ ಒಂದೇ ಬಿದ್ದರೂ, ಅರ್ಜಿ ತಿರಸ್ಕೃತ. ಅರ್ಜಿದಾರ ಮಾಸ್ಟರ ಆಪ್ತಮಿತ್ರನಾಗಿದ್ದರೂ ಫಲಿತಾಂಶವನ್ನು ಅವರು ಓದಿ ಹೇಳಬೇಕಷ್ಟೆ.

ಅಧ್ಯಕ್ಷತೆಯ ನಿಜವಾದ ಪರೀಕ್ಷೆ ಇನ್ನೊಂದಿದೆ. ಲಾಡ್ಜಿನೊಳಗೆ ಧರ್ಮ, ರಾಜಕೀಯ ಎರಡರ ಚರ್ಚೆಯೂ ನಿಷಿದ್ಧ. ಆ್ಯಂಡರ್ಸನ್‌ನ ಕಾಲದ ಇಂಗ್ಲೆಂಡ್ ಅಂತರ್ಯುದ್ಧ, ಮತಜಗಳಗಳ ಗಾಯ ಆರಿರದ ದೇಶ. ಒಂದೇ ಮೇಜಿನಲ್ಲಿ ಕೂರಬೇಕಾದರೆ ಈ ಎರಡನ್ನು ಹೊರಗಿಡದೆ ಗತಿಯಿರಲಿಲ್ಲ. ಮಾತು ಆ ಕಡೆ ಜಾರುವ ಮೊದಲೇ ಗುರುತಿಸಿ ತಡೆಯುವುದು, ಕೇಳದವರನ್ನು ಎಚ್ಚರಿಸುವುದು, ಮತ್ತೂ ಕೇಳದಿದ್ದರೆ ಹೊರಗೆ ಕಳಿಸುವುದು ಮಾಸ್ಟರ ಹೊಣೆ. ವೈಮನಸ್ಯ ಇರುವವರು ಅದನ್ನು ಹೊರಗೇ ಬಗೆಹರಿಸಿಕೊಂಡು ಒಳಗೆ ಬರಬೇಕೆಂಬ ಪದ್ಧತಿಯೂ ಇದೆ. ಸಂಧಾನಕ್ಕೆ ಕೊನೆಗೆ ಎಲ್ಲರೂ ಹುಡುಕಿಕೊಂಡು ಹೋಗುವುದು ಮಾಸ್ಟರನ್ನೇ. ಕಾಯಿಲೆ ಬಿದ್ದ ಸದಸ್ಯರು, ತೀರಿಕೊಂಡವರ ಹೆಂಡತಿ ಮಕ್ಕಳ ಯೋಗಕ್ಷೇಮಕ್ಕೆ ‘ಆಮನರ್’ ಎಂಬ ಅಧಿಕಾರಿ ಇದ್ದಾರೆ, ಆದರೆ ಅವರು ಹೋದರೇ ಇಲ್ಲವೇ ಎಂದು ವಿಚಾರಿಸಬೇಕಾದವರು ಮಾಸ್ಟರ್. ಸಭೆಯ ಬಳಿಕದ ಔತಣದಲ್ಲೂ ಸುತ್ತಿಗೆ ಇವರ ಕೈಲೇ ಇರುತ್ತದೆ, ಪಾನವಚನಗಳ ಸರದಿ ಇವರ ಅಪ್ಪಣೆಯಂತೆ. ಹಸಿದು ಕೂತವರ ಮುಂದೆ ಭಾಷಣವನ್ನು ಮೊಟಕುಗೊಳಿಸಬಲ್ಲ ಮಾಸ್ಟರನ್ನು ಸದಸ್ಯರು ಬಹುಕಾಲ ನೆನೆಯುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ಇಷ್ಟಕ್ಕೂ ಕುರ್ಚಿ ಒಂದು ವರ್ಷದ್ದು. ವಾರ್ಡನ್ ಆಗಿ ಕನಿಷ್ಠ ಒಂದು ವರ್ಷ ದುಡಿದವರನ್ನು ಗುಪ್ತ ಮತದಿಂದ ಆರಿಸುತ್ತಾರೆ. ಪದಗ್ರಹಣದ ದಿನ ಕಾರ್ಯದರ್ಶಿ ಹದಿನೈದು ಹಳೆಯ ವಿಧಿಗಳನ್ನು ಒಂದೊಂದಾಗಿ ಓದುತ್ತಾರೆ: ನೆಲದ ಕಾನೂನಿಗೆ ತಲೆಬಾಗಬೇಕು, ಸರ್ಕಾರದ ವಿರುದ್ಧದ ಒಳಸಂಚಿನಲ್ಲಿ ತಲೆಹಾಕಬಾರದು, ಹಿತಮಿತವಾಗಿ ಬಾಳಬೇಕು, ಹೀಗೆ. ಎಲ್ಲಕ್ಕೂ ಒಪ್ಪಿದ ಮೇಲಷ್ಟೇ ಮುಂದಿನ ಮಾತು. ಹಿಂದೆ ಮಾಸ್ಟರ್ ಆಗಿದ್ದವರನ್ನು ಬಿಟ್ಟು ಮಿಕ್ಕವರೆಲ್ಲ ಹೊರಗೆ ಹೋದ ಬಳಿಕ ಹೊಸ ಮಾಸ್ಟರನ್ನು ಪೀಠದಲ್ಲಿ ಕೂರಿಸುತ್ತಾರೆ. ಕೈಗೆ ಕೊಡುವ ವಸ್ತುಗಳಲ್ಲಿ ಮುಖ್ಯವಾದದ್ದು ಲಾಡ್ಜಿನ ಸನ್ನದು, ಕಾರ್ನೆಹನ್‌ನ ನಿದ್ದೆ ಕೆಡಿಸಿದ್ದು ಅದೇ. ಅದನ್ನು ಜೋಪಾನ ಮಾಡಿ, ಪ್ರತಿ ಸಭೆಗೂ ತಂದು, ವರ್ಷದ ಕೊನೆಗೆ ಕಲೆಯಿಲ್ಲದೆ ಮುಂದಿನವರಿಗೆ ಒಪ್ಪಿಸಬೇಕು. ಇಂಗ್ಲಿಷ್ ಪದ್ಧತಿಯಲ್ಲಿ ಮಾಸ್ಟರ್ ಗೈರುಹಾಜರಾದರೆ ಹಳೆಯ ಮಾಸ್ಟರುಗಳಲ್ಲೊಬ್ಬರು ಕುರ್ಚಿ ಹಿಡಿಯುತ್ತಾರೆ. ಅವರೂ ಇಲ್ಲದಿದ್ದರೆ ಸೀನಿಯರ್ ವಾರ್ಡನ್ ಸಭೆ ನಡೆಸಬಹುದು, ದೀಕ್ಷೆ ಕೊಡುವಂತಿಲ್ಲ.

ಇಂಗ್ಲಿಷ್, ಸ್ಕಾಟಿಷ್, ಐರಿಷ್ ಪದ್ಧತಿಗಳಡಿ ಹಂಚಿಹೋಗಿದ್ದ ನಮ್ಮ ದೇಶದ ಲಾಡ್ಜ್‌ಗಳಲ್ಲಿ ಬಹುಪಾಲು 1961ರ ನವೆಂಬರ್ 24ರಂದು ದೆಹಲಿಯಲ್ಲಿ ಸ್ಥಾಪನೆಯಾದ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾದಡಿ ಬಂದವು. ರಾಮ್‌ಪುರದ ನವಾಬ ಸೈಯದ್ ರಜಾ ಅಲಿ ಖಾನ್ ಮೊದಲ ಗ್ರ್ಯಾಂಡ್ ಮಾಸ್ಟರ್. ಬೆಂಗಳೂರಿನಲ್ಲಿರುವ ಲಾಡ್ಜ್‌ಗಳು ಚೆನ್ನೈ ಕೇಂದ್ರವಾದ ದಕ್ಷಿಣ ಭಾರತದ ಪ್ರಾದೇಶಿಕ ವಿಭಾಗಕ್ಕೆ ಸೇರುತ್ತವೆ. ಕಿಪ್ಲಿಂಗ್‌ನ ಲಾಹೋರಿನಲ್ಲಿ ಮಾತ್ರ ಈಗ ಸುತ್ತಿಗೆಯ ಸದ್ದಿಲ್ಲ. ಪಾಕಿಸ್ತಾನ 1972ರಲ್ಲಿ ಫ್ರೀಮೇಸನ್ ಸಂಘಟನೆಯನ್ನು ನಿಷೇಧಿಸಿತು.

ಮತ್ತೆ ಕುರ್ಚಿಯ ಮಾತಿಗೆ ಬಂದರೆ, ಒಬ್ಬರೇ ಅದಕ್ಕೆ ಅಂಟಿಕೊಳ್ಳಬಾರದೆಂದು ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜಿನ ಸಂವಿಧಾನ ಸತತ ಎರಡು ವರ್ಷಕ್ಕಿಂತ ಹೆಚ್ಚು ಕೂರಲು ಬಿಡುವುದಿಲ್ಲ, ಮೂರನೆಯ ವರ್ಷಕ್ಕೆ ಮೇಲಿನವರ ವಿಶೇಷ ಅನುಮತಿ ಬೇಕು. ಈಗ ಅಲ್ಲಿನ ಸಣ್ಣ ಲಾಡ್ಜ್‌ಗಳಲ್ಲಿ ಹೊಸ ಸದಸ್ಯರು ಕಡಿಮೆ. ಅಷ್ಟು ಬಾಯಿಪಾಠ, ಅಷ್ಟು ಓಡಾಟಕ್ಕೆ ಸಿದ್ಧರಿರುವವರು ಇನ್ನೂ ಕಡಿಮೆ. ಒಮ್ಮೆ ಮಾಸ್ಟರ್ ಆಗಿ ಇಳಿದವರನ್ನೇ ಎರಡು, ಮೂರನೆಯ ಬಾರಿ ಒಪ್ಪಿಸಿ ಕೂರಿಸಬೇಕಾಗುತ್ತಿದೆ, ಹಿಂದೆ ಅಪರೂಪವಾಗಿದ್ದ ಆ ಅನುಮತಿಗೆ ಈಗ ಲಾಡ್ಜ್‌ಗಳೇ ಅರ್ಜಿ ಹಾಕುತ್ತಿವೆ.